ಎರೆ (ಕಪ್ಪು) ಮಣ್ಣಲ್ಲೂ ಮಸಾರಿ (ಕೆಂಪು) ಮಣ್ಣಲ್ಲೂ ಒಂದೇ ಜಾತಿಯ ಗಿಡ: ಪರಾಗ ಬೆರೆಯುತ್ತಿದ್ದರೂ ಅವು ಬೇರೆಯಾಗಬಹುದೇ?

ಆಗಬಹುದು. ಮಣ್ಣಿನ ಒತ್ತಡ ಪರಾಗದ ಬೆರಕೆಗಿಂತ ಬಲವಾಗಿರಬೇಕು, ಅಷ್ಟೇ.

ಕೊಪ್ಪಳ, ರಾಯಚೂರು ಕಡೆ ಎರೆ ಹೊಲ ದಾಟಿದರೆ ಮಸಾರಿ ಸಿಗುವ ಜಾಗಗಳಿವೆ. ಒಂದೇ ಜಾತಿಯ ಕಾಡುಗಿಡ ಎರಡೂ ಕಡೆ ಇದ್ದರೆ, ಜೇನು, ಗಾಳಿ ಪರಾಗವನ್ನು ಅತ್ತಿತ್ತ ಒಯ್ದು ಎರಡನ್ನೂ ಒಂದೇ ಮಾಡಲು ನೋಡುತ್ತವೆ. ಇದು ವಂಶವಾಹಿ ಹರಿವು. ಆದರೆ ಬಂದದ್ದೆಲ್ಲ ಉಳಿಯುವುದಿಲ್ಲ. ಮಸಾರಿಯಲ್ಲಿ ತೇವ ಬೇಗ ಆರುತ್ತದೆ. ಅದನ್ನು ತಾಳದ ಸಸಿ ಹೂ ಬಿಡುವ ಮೊದಲೇ ಒಣಗಿದರೆ ಅದರ ವಂಶವಾಹಿಗಳು ಅಲ್ಲಿಗೇ ನಿಂತವು. ಪ್ರತಿ ತಲೆಮಾರಿನಲ್ಲೂ ಈ ಜರಡಿ, ಅಂದರೆ ನಿಸರ್ಗದ ಆಯ್ಕೆ, ನಡೆಯುತ್ತದೆ. ಅದು ಹಿಡಿಯುವುದು ಬರ ತಾಳುವಂಥ ಗುಣದ ವಂಶವಾಹಿಗಳನ್ನು, ಜೊತೆಗೆ ಅವಕ್ಕೆ ಅಂಟಿಕೊಂಡಿರುವ ಕೆಲವನ್ನು. ಉಳಿದವು ಬೆರೆಯುತ್ತಲೇ ಇರುತ್ತವೆ. ಹಾಗಾಗಿ ಎರಡು ಗುಂಪುಗಳು ಕೆಲವೇ ವಂಶವಾಹಿಗಳಲ್ಲಿ ತೀರಾ ಬೇರೆ, ಮಿಕ್ಕವುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರಬಹುದು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಪುರಾವೆ ಬ್ರಿಟನ್ನಿನ ವೇಲ್ಸ್‌ನದು. ಅಲ್ಲಿನ ಹಳೆಯ ತಾಮ್ರದ ಗಣಿಯೊಂದರ ಹುಲ್ಲನ್ನು 1960ರ ದಶಕದಲ್ಲಿ ಪರೀಕ್ಷಿಸಿದಾಗ, ಗಣಿ ಮಣ್ಣಿನ ಹುಲ್ಲು ತಾಮ್ರದ ವಿಷ ತಾಳುತ್ತಿತ್ತು. ಕೆಲವೇ ಮೀಟರ್ ಆಚೆ, ಗಾಳಿ ಬರುವ ಕಡೆಯ ಹುಲ್ಲುಗಾವಲಿನ ಅದೇ ಜಾತಿ ತಾಳುತ್ತಿರಲಿಲ್ಲ. ಗಾಳಿ ಬೀಸಿ ಹೋಗುವ ಕಡೆ ಮಾತ್ರ ತಾಳುವ ಗುಣ ದೂರದವರೆಗೆ ಚೆಲ್ಲಿಕೊಂಡಿತ್ತು. ಆಯ್ಕೆ, ಹರಿವು ಎರಡೂ ಒಂದೇ ಜಾಗದಲ್ಲಿ ಕಣ್ಣಿಗೆ ಬಿದ್ದವು! ಗಣಿ ಹುಲ್ಲು ಹೂ ಬಿಡುವ ಕಾಲವೂ ಮುಂಚೆ ಸರಿದಿತ್ತು, ಅದರಿಂದ ಬೆರಕೆ ಇನ್ನಷ್ಟು ತಗ್ಗುತ್ತದೆ.

ಗಿಡದ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಸಜ್ಜೆಯಂತೆ ಪರಪರಾಗದ ಗಿಡದಲ್ಲಿ ಹರಿವು ಜಾಸ್ತಿ; ಶೇಂಗಾದಂತೆ ತನ್ನ ಪರಾಗವನ್ನೇ ಬಳಸುವುದರಲ್ಲಿ ಕಡಿಮೆ, ಅಲ್ಲಿ ದುರ್ಬಲ ಆಯ್ಕೆಯೂ ಕೆಲಸ ಮಾಡುತ್ತದೆ.