ಮನೆ ವಿಮೆ ಎಷ್ಟಕ್ಕೆ ಮಾಡಿಸಬೇಕು: ಮಾರಾಟದ ಬೆಲೆಗಾ, ಸಾಲದ ಮೊತ್ತಕ್ಕಾ?

ಎರಡಕ್ಕೂ ಅಲ್ಲ. ಮನೆ ಪೂರ್ತಿ ಸುಟ್ಟುಹೋದರೆ ಅಂಥದ್ದೇ ಮನೆಯನ್ನು ಇವತ್ತಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ಮಾಡಿಸಿ.

ಮಾರಾಟದ ಬೆಲೆಯಲ್ಲಿ ಜಾಗದ ಬೆಲೆಯೂ ಸೇರಿರುತ್ತದೆ. ಬೆಂಕಿ ಬಿದ್ದರೂ ಜಾಗ ಎಲ್ಲೂ ಹೋಗಲ್ಲ, ಅಲ್ವಾ? ಅದಕ್ಕೆ ಸುಮ್ನೆ ಪ್ರೀಮಿಯಂ ಯಾಕೆ ಕಟ್ಟಬೇಕು? ಇನ್ನು ಸಾಲದ ಮೊತ್ತ ಬ್ಯಾಂಕಿನ ಚಿಂತೆ.

ಕಟ್ಟಡದ ಒಟ್ಟು ಚದರಡಿಯನ್ನು ಈಗ ಕಟ್ಟುವ ದರದಿಂದ ಗುಣಿಸಿ. ದರವನ್ನು ಕಂಟ್ರ್ಯಾಕ್ಟರ್ ಹತ್ತಿರ ಕೇಳಿ, ಒಳ್ಳೆ ಮರದ ಕೆಲಸ ಇದ್ದರೆ ಅದನ್ನೂ ಹೇಳಿ. ಸುಟ್ಟ ಕಟ್ಟಡ ಕೆಡವಿ ಸಾಗಿಸುವ ಖರ್ಚು, ಎಂಜಿನಿಯರ್ ಫೀಸು ಸೇರಿಸಿ. ಜನ ಮರೆಯುವುದು ಇವನ್ನೇ.

ಪ್ರೀಮಿಯಂ ಉಳಿಸಲು ಮೊತ್ತ ಇಳಿಸಬೇಡಿ. ಕೆಲವು ಪಾಲಿಸಿಗಳಲ್ಲಿ ಪ್ರಮಾಣಕ್ಕೆ ತಕ್ಕಂತೆ ಪರಿಹಾರ ಕಡಿತ ಮಾಡುವ ಷರತ್ತು ಇರುತ್ತದೆ. ಮತ್ತೆ ಕಟ್ಟಲು 100 ಬೇಕಾದ ಮನೆಗೆ 60ಕ್ಕೆ ವಿಮೆ ಇದೆ ಅಂದುಕೊಳ್ಳಿ. ಅಡುಗೆಮನೆ ಮಾತ್ರ ಸುಟ್ಟು 10ರಷ್ಟು ನಷ್ಟವಾದರೆ ಕೈಗೆ ಬರುವುದು 6. 60ರ ಮಿತಿಯೊಳಗೇ ಇದೆಯಲ್ಲ ಅಂತ ವಾದಿಸಿ ಪ್ರಯೋಜನ ಇಲ್ಲ.

ಸಾಮಾನಿಗೆ ಬೇರೆ ಮೊತ್ತ. ಬೀರು ತೆರೆದು, ಕೋಣೆ ಕೋಣೆಯ ವಿಡಿಯೊ ಮಾಡಿಟ್ಟುಕೊಳ್ಳಿ. ಹೊಸದರ ಬೆಲೆ ಕೊಡ್ತಾರಾ, ಸವಕಳಿ ಕಳೆದು ಕೊಡ್ತಾರಾ ಕೇಳಿ. ಹತ್ತು ವರ್ಷದ ಫ್ರಿಜ್ಜಿಗೆ ಸವಕಳಿ ಲೆಕ್ಕದಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಒಡವೆಗೆ ಸಾಮಾನ್ಯವಾಗಿ ಪ್ರತ್ಯೇಕ ಮಿತಿ ಇರುತ್ತದೆ.

ಪ್ರವಾಹ, ಭೂಕಂಪ ಸೇರಿವೆಯಾ, ರಿಪೇರಿ ಮುಗಿಯುವ ತನಕ ಬಾಡಿಗೆ ಕೊಡ್ತಾರಾ ಅಂತಲೂ ನೋಡಿ. ಮುಂದೆ ಮಹಡಿ ಎಬ್ಬಿಸಿದರೆ ಮೊತ್ತವನ್ನೂ ಏರಿಸಿ.