ಟೂರ್ನಿ ಹತ್ತಕ್ಕೆ ಮುಗಿಯಬೇಕೆ? ಮನೆಯ ಪೋಕರ್ ಕೂಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಕಂತಿನ ಪ್ರಶ್ನೆಗಳೆಲ್ಲ ಟೆಕ್ಸಾಸ್ ಹೋಲ್ಡೆಮ್ ಆಟದವು: ಕೈಯಲ್ಲಿ ಎರಡು ಎಲೆ, ನಡುವೆ ಐದು, ಏಳರಲ್ಲಿ ಉತ್ತಮ ಐದರ ಜೋಡಣೆ.

ನಾವು ಹದಿನಾರು ಮಂದಿ ತಿಂಗಳಿಗೊಂದು ಶನಿವಾರ ಟೂರ್ನಿ ಇಡ್ತೀವಿ. ಸಂಜಿ ಆರಕ್ಕ ಚಾಲೂ ಮಾಡಿದ್ರೂ ರಾತ್ರಿ ಒಂದಕ್ಕೂ ಮುಗಿಯೂದಿಲ್ಲ. ಧಾರವಾಡದಿಂದ ಬರೋರಿಗೆ ಕಡೀ ಚಿಗರಿ ಬಸ್ ತಪ್ಪತೈತಿ. ಹತ್ತಕ್ಕ ಮುಗಿಸೂದು ಹ್ಯಾಂಗ?
– ವಿದ್ಯಾನಗರ, ಹುಬ್ಬಳ್ಳಿ

ನಿಧಾನಕ್ಕೆ ಆಡುವವರನ್ನು ಬೈಯುವ ಮೊದಲು ನಿಮ್ಮ ಬ್ಲೈಂಡ್ ಪಟ್ಟಿಯನ್ನು ತೆಗೆದು ನೋಡಿ. ಬ್ಲೈಂಡ್ ಎಂದರೆ ಪ್ರತಿ ಹಂಚಿಕೆಯಲ್ಲಿ ಇಬ್ಬರು ಎಲೆ ನೋಡುವ ಮೊದಲೇ ಕಟ್ಟಬೇಕಾದ ಬಾಜಿ; 25/50 ಎಂದರೆ ಸಣ್ಣದು 25, ದೊಡ್ಡದು, ಅಂದರೆ ಬಿಗ್ ಬ್ಲೈಂಡ್, 50. ಟೂರ್ನಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಮೊದಲ ಎಲೆ ಹಂಚುವ ಮುಂಚೆಯೇ ಲೆಕ್ಕ ಹಾಕಬಹುದು. ಎಲ್ಲರ ಚಿಪ್‌ಗಳ ಒಟ್ಟು ಬೆಲೆಯನ್ನು 20ರಿಂದ ಭಾಗಿಸಿ. ಬಿಗ್ ಬ್ಲೈಂಡ್ ಆ ಅಂಕಿಯ ಆಸುಪಾಸು ಬಂದಾಗ ಆಟ ಮುಗಿಯುವ ಹಂತದಲ್ಲಿರುತ್ತದೆ. ಆಗ ಉಳಿದ ಇಬ್ಬರು ಮೂವರ ಬಳಿ ಎಲ್ಲ ಸೇರಿ 20 ಬಿಗ್ ಬ್ಲೈಂಡ್ ಮಾತ್ರ ಇರುತ್ತದೆ, ಎಲೆ ಎಸೆಯುತ್ತ ಕಾಯಲು ಯಾರಿಗೂ ಆಗುವುದಿಲ್ಲ.

ಹದಿನಾರು ಮಂದಿಗೆ ತಲಾ 5,000 ಕೊಟ್ಟರೆ ಒಟ್ಟು 80,000. ಭಾಗಿಸಿದರೆ 4,000. ಅಂದರೆ 2000/4000 ಹಂತ ಹತ್ತರ ಹೊತ್ತಿಗೆ ಬರಬೇಕು. 20 ನಿಮಿಷಕ್ಕೊಂದರಂತೆ ಹಂತಗಳನ್ನು ಹೀಗೆ ಇಡಿ: 25/50, 50/100, 75/150, 100/200, ಇಲ್ಲಿ 15 ನಿಮಿಷ ಬಿಡುವು, ಆಮೇಲೆ 200/400, 300/600, 400/800, 600/1200, 1000/2000, 1500/3000, 2000/4000. ಹನ್ನೊಂದು ಹಂತಕ್ಕೆ 220 ನಿಮಿಷ, ಬಿಡುವು ಸೇರಿ ನಾಲ್ಕು ತಾಸಿಗೆ ಐದು ನಿಮಿಷ ಕಮ್ಮಿ. ಬಿಡುವಿನ ನಂತರದ ನೆಗೆತ ದೊಡ್ಡದಾಯಿತು ಅನ್ನಿಸಿದರೆ 25ರ ಚಿಪ್ ಇನ್ನೊಂದು ಹಂತ ಉಳಿಸಿಕೊಂಡು 150/300 ಸೇರಿಸಬಹುದು, ಆದರೆ 20 ನಿಮಿಷ ಹೆಚ್ಚಾಗುತ್ತದೆ.

ಒಬ್ಬೊಬ್ಬರಿಗೆ 25ರವು ಎಂಟು, 100ರವು ಎಂಟು, 500ರವು ನಾಲ್ಕು, 1,000ದವು ಎರಡು ಕೊಟ್ಟರೆ 5,000 ಸರಿಹೋಗುತ್ತದೆ. ಸಣ್ಣ ಚಿಪ್‌ಗಳನ್ನು ಬದಲಿಸಿಕೊಡಲು ಬೇಕಾದದ್ದನ್ನೂ ಸೇರಿಸಿದರೆ 25ರವು 128, 100ರವು 170, 500ರವು 96, 1,000ದವು 32. ಐನೂರು ಚಿಪ್‌ನ ಪೆಟ್ಟಿಗೆ ಸಾಕು. ಆದರೆ ಕೊಳ್ಳುವ ಮೊದಲು ಯಾವ ಬಣ್ಣ ಎಷ್ಟಿವೆ ಎಂದು ಎಣಿಸಿ. ಅಂಕಿ ಅಚ್ಚಾಗಿರದ ಚಿಪ್ ಆದರೆ ಇನ್ನೂ ಒಳ್ಳೆಯದು, ಯಾವ ಬಣ್ಣಕ್ಕೆ ಎಷ್ಟು ಬೆಲೆ ಎಂದು ನೀವೇ ಗೊತ್ತು ಮಾಡಿಕೊಳ್ಳಬಹುದು.

ರೀಬೈ, ಅಂದರೆ ಚಿಪ್ ಕಳೆದುಕೊಂಡವರಿಗೆ ಮತ್ತೆ 5,000 ಕೊಡುವುದು, ಬೇಕೆಂದರೆ ಬಿಡುವಿನವರೆಗೆ ಮಾತ್ರ, ಒಬ್ಬರಿಗೆ ಒಂದೇ ಸಲ. ಆರು ರೀಬೈ ಆದರೆ ಒಟ್ಟು 1,10,000 ಆಗುತ್ತದೆ, ಆಟ 3000/6000 ಹಂತದತ್ತ ಜಾರುತ್ತದೆ. ಹೊತ್ತಿನ ಕಟ್ಟುನಿಟ್ಟು ಇರುವ ಕೂಟ ರೀಬೈ ಕೈಬಿಡುವುದೇ ಸರಿ. ಮೊದಲ ತಾಸಿನಲ್ಲೇ ಹೊರಬಿದ್ದವರು ಪಕ್ಕದಲ್ಲೊಂದು ಸಣ್ಣ ಟೇಬಲ್ ಹಾಕಿಕೊಂಡು ಆಡಲಿ.

ಇನ್ನು ವೇಗ. ಆಟಗಾರರೇ ಎಲೆ ಹಂಚುವ ಮನೆಯ ಟೇಬಲ್‌ನಲ್ಲಿ ತಾಸಿಗೆ 20ರಿಂದ 25 ಕೈ (ಒಂದು ಹಂಚಿಕೆಯ ಆಟಕ್ಕೆ ಒಂದು ಕೈ) ಆಗುತ್ತವೆ, ಅಂದರೆ 20 ನಿಮಿಷಕ್ಕೆ ಎಂಟು ಮಂದಿಯ ಒಂದು ಸುತ್ತು. ಪ್ರತಿ ಟೇಬಲ್‌ಗೆ ಹಿಂಬದಿ ಬಣ್ಣ ಬೇರೆಯಾದ ಎರಡು ಕಟ್ಟು ಇಡಿ. ಒಬ್ಬರು ಹಂಚುವಾಗ ಹಿಂದಿನ ಕೈ ಹಂಚಿದವರು ಇನ್ನೊಂದು ಕಟ್ಟನ್ನು ಕಲೆಸಿ ಮುಂದೆ ಹಂಚುವವರ ಬಳಿ ಇಡಲಿ. ಇದೊಂದರಿಂದಲೇ ಪ್ರತಿ ಕೈಯಲ್ಲಿ ಅರ್ಧ ನಿಮಿಷ ಉಳಿಯುತ್ತದೆ. ಟೈಮರನ್ನು ಟಿವಿಯಲ್ಲಿ ಹಾಕಬೇಡಿ, ಕರೆಂಟ್ ಹೋದರೆ ಎಷ್ಟು ಹೊತ್ತಾಗಿತ್ತು ಎಂಬುದೇ ಜಗಳವಾಗುತ್ತದೆ. ಚಾರ್ಜ್ ಇರುವ ಮೊಬೈಲ್ ಸಾಕು. ಗಂಟೆ ಹೊಡೆದಾಗ ಎಲೆ ಕಲೆಸಲು ಶುರು ಮಾಡಿದ್ದರೆ ಆ ಕೈಗೆ ಹಳೆಯ ಬ್ಲೈಂಡ್, ಮುಂದಿನದಕ್ಕೆ ಹೊಸದು.

ಒಂದು ಟೇಬಲ್‌ನಲ್ಲಿ ಎಂಟು, ಇನ್ನೊಂದರಲ್ಲಿ ಆರು ಆದ ಕೂಡಲೇ ಒಬ್ಬರನ್ನು ಆ ಕಡೆ ಕಳಿಸಿ. ದೊಡ್ಡ ಟೇಬಲ್‌ನಲ್ಲಿ ಮುಂದಿನ ಬಿಗ್ ಬ್ಲೈಂಡ್ ಯಾರದೋ ಅವರೇ ಏಳಬೇಕು. ಒಂಬತ್ತು ಮಂದಿ ಉಳಿದಾಗ ಎರಡನ್ನೂ ಸೇರಿಸಿ, ಜಾಗಕ್ಕೆ ಮತ್ತೆ ಚೀಟಿ ಎತ್ತಿಸಿ.

ಬ್ಲೈಂಡ್ ಏರಿದ ಮೇಲೆ 25ರ ಚಿಪ್ ಆಟದಿಂದ ತೆಗೆಯುವಾಗ ಒಬ್ಬರ ಬಳಿ ಮೂರು, ಇನ್ನೊಬ್ಬರ ಬಳಿ ಒಂದು ಉಳಿಯುತ್ತದೆ. ಏನು ಮಾಡಬೇಕು?
– ಮಾಳಮಡ್ಡಿ, ಧಾರವಾಡ

ನಾಲ್ಕು ನಾಲ್ಕಾಗಿ 100ಕ್ಕೆ ಬದಲಿಸಿ. ಮಿಕ್ಕಿದ್ದು ಒಂದಿರಲಿ ಮೂರಿರಲಿ, ಅದಕ್ಕೊಂದು 100ರ ಚಿಪ್ ಕೊಟ್ಟುಬಿಡಿ. ಹೆಚ್ಚೆಂದರೆ ಒಬ್ಬರಿಗೆ 75 ಲಾಭ. ಬಿಗ್ ಬ್ಲೈಂಡ್ 400 ಆಗುವ ಹೊತ್ತಿಗೆ ಅದೊಂದು ಲೆಕ್ಕವಲ್ಲ.

100ರ ಚಿಪ್ ತೆಗೆಯುವಾಗ ಮಾತ್ರ ಹೀಗೆ ಮಾಡಬೇಡಿ, ಒಂದೇ ಚಿಪ್ ಮಿಕ್ಕವರಿಗೆ 400 ಪುಕ್ಕಟೆ ಸಿಕ್ಕಂತಾಗುತ್ತದೆ. ಅಲ್ಲಿ ಚಿಪ್ ರೇಸ್ ನಡೆಸಿ. ನಾಲ್ವರ ಬಳಿ ಕ್ರಮವಾಗಿ ನಾಲ್ಕು, ಮೂರು, ಎರಡು, ಒಂದು ಮಿಕ್ಕಿವೆ ಎನ್ನಿ: ಒಟ್ಟು 1,000, ಅಂದರೆ 500ರ ಎರಡು ಚಿಪ್. ಡೀಲರ್‌ನ ಎಡಗಡೆಯಿಂದ ಶುರು ಮಾಡಿ ಮಿಕ್ಕ ಚಿಪ್ಪಿಗೊಂದರಂತೆ ಎಲೆ ತೆರೆದು ಹಾಕಿ. ಅತಿ ದೊಡ್ಡ ಎಲೆ ಬಂದ ಇಬ್ಬರಿಗೆ ತಲಾ ಒಂದು 500, ಒಬ್ಬರಿಗೇ ಎರಡು ಕೊಡುವಂತಿಲ್ಲ. ಎಲೆ ಸಮವಾದರೆ ಇಸ್ಪೀಟು, ಆಟೀನು, ಡೈಮಂಡ್, ಕಳಾವರ ಈ ಕ್ರಮ. ಕೈಯಲ್ಲಿ 100ರ ಚಿಪ್ ಬಿಟ್ಟು ಬೇರೇನೂ ಇಲ್ಲದವರು ರೇಸ್‌ನಲ್ಲಿ ಸೋತರೂ ಅವರಿಗೊಂದು 500 ಕೊಡಲೇಬೇಕು. ಚಿಪ್ ಬದಲಿಸುವ ನೆಪದಲ್ಲಿ ಯಾರನ್ನೂ ಆಟದಿಂದ ಹೊರಹಾಕುವಂತಿಲ್ಲ.

ಮೂವರು ಆಲ್-ಇನ್ (ಇದ್ದ ಚಿಪ್ ಎಲ್ಲ ಬಾಜಿಗೆ), ಮೂವರ ಮೊತ್ತವೂ ಬೇರೆ. ಪ್ರತಿ ಸಲ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತೇವೆ.
– ಸಪ್ತಾಪುರ, ಧಾರವಾಡ

ಕ್ಯಾಲ್ಕುಲೇಟರ್ ಬೇಡ, ಎಲ್ಲವನ್ನೂ ನಡುವೆ ಗುಡ್ಡೆ ಹಾಕುವ ಚಾಳಿ ಬಿಟ್ಟರೆ ಸಾಕು. ಬಾಜಿಯ ಚಿಪ್ ಅವರವರ ಮುಂದೆಯೇ ಇರಲಿ. ಉದಾಹರಣೆಗೆ ಬ್ಲೈಂಡ್ 100/200, ಬ್ಲೈಂಡ್ ಕಟ್ಟಿದ ಇಬ್ಬರೂ ಎಲೆ ಬಿಟ್ಟಿದ್ದಾರೆ, ಅವರ 300 ನಡುವೆ ಇದೆ. ಮೊದಲನೆಯವರು 600, ಎರಡನೆಯವರು 1,500, ಮೂರನೆಯವರು 2,500 ಇಟ್ಟಿದ್ದಾರೆ. ಅತಿ ಕಡಿಮೆಯದರಿಂದ ಆರಂಭಿಸಿ: ಮೂವರಿಂದಲೂ 600 ಎಳೆದುಕೊಳ್ಳಿ, 300 ಸೇರಿಸಿ 2,100. ಇದು ಮೇನ್ ಪಾಟ್, ಅಂದರೆ ಮೂವರಲ್ಲಿ ಯಾರಾದರೂ ಗೆಲ್ಲಬಹುದಾದ ಬಾಜಿ ಮೊತ್ತ. ಈಗ ಎರಡನೆಯವರ ಮುಂದೆ 900 ಉಳಿದಿದೆ. ಇಬ್ಬರಿಂದ ಅಷ್ಟಷ್ಟು ಎಳೆದರೆ 1,800, ಇದು ಸೈಡ್ ಪಾಟ್. ಮೂರನೆಯವರ ಉಳಿದ 1,000ಕ್ಕೆ ಎದುರಾಳಿಯೇ ಇಲ್ಲ, ಅದನ್ನು ಅವರಿಗೇ ಹಿಂದಿರುಗಿಸಿ.

ತೀರ್ಪು ಸೈಡ್ ಪಾಟ್‌ನಿಂದ ಶುರುವಾಗಬೇಕು. 600 ಇಟ್ಟವರಿಗೆ ಅದರಲ್ಲಿ ಪಾಲಿಲ್ಲ. ಒಂದೇ ಕೈಯಲ್ಲಿ ಇಬ್ಬರು ಹೊರಬಿದ್ದರೆ ಆ ಕೈಯ ಆರಂಭದಲ್ಲಿ ಯಾರ ಬಳಿ ಹೆಚ್ಚು ಚಿಪ್ ಇತ್ತೋ ಅವರಿಗೆ ಮೇಲಿನ ಸ್ಥಾನ. ಲೀಗ್ ಅಂಕ ಬರೆಯುವವರಿಗೆ ಇದು ಬೇಕಾಗುತ್ತದೆ.

ಬಿಗ್ ಬ್ಲೈಂಡ್ 100 ಇತ್ತು. ಒಬ್ಬ ಮಾತಾಡದೆ 500ರ ಒಂದು ಚಿಪ್ ಇಟ್ಟ, ಆಮೇಲೆ ‘ರೈಸ್’ (ಬಾಜಿ ಏರಿಸಿದೆ) ಅಂದ. ಒಪ್ಪಬೇಕಾ?
– ನವನಗರ, ಹುಬ್ಬಳ್ಳಿ

ಒಪ್ಪಬೇಕಿಲ್ಲ. ಮಾತಿಲ್ಲದೆ ಇಟ್ಟ ಒಂಟಿ ದೊಡ್ಡ ಚಿಪ್ ಬರೀ ಕಾಲ್, ಅಂದರೆ ಇರುವ ಬಾಜಿಗೆ ಸಮ ಮಾಡಿದಂತೆ. ಚಿಲ್ಲರೆ 400 ಹಿಂದಕ್ಕೆ. ಚಿಪ್ ಇಡುವ ಮೊದಲೇ ‘ರೈಸ್’ ಎಂದಿದ್ದರೆ ಅದು 500ರವರೆಗಿನ ರೈಸ್ ಆಗುತ್ತಿತ್ತು. ಒಂದಿಷ್ಟು ಚಿಪ್ ಇಟ್ಟು, ಎದುರಿನವರ ಮುಖ ನೋಡಿ, ಮತ್ತಷ್ಟು ಇಡುವುದೂ ನಡೆಯುವುದಿಲ್ಲ. ಮೊದಲ ಸಲ ಇಟ್ಟದ್ದಷ್ಟೇ ಲೆಕ್ಕ.

ಇದರ ಜೊತೆಗೇ ಬರುವ ಇನ್ನೊಂದು ತಕರಾರು: ಬ್ಲೈಂಡ್ 100, ಒಬ್ಬರು 300ಕ್ಕೆ ಏರಿಸಿದರು. ಏರಿಕೆ 200, ಆದ್ದರಿಂದ ಮುಂದಿನವರು ಕನಿಷ್ಠ 500 ಮಾಡಬೇಕು. ಕೈಯಲ್ಲಿ 400 ಮಾತ್ರ ಇರುವವರು ಆಲ್-ಇನ್ ಹೋಗಬಹುದು. ಆದರೆ ಅದು ಪೂರ್ಣ ರೈಸ್ ಅಲ್ಲ. ನಡುವೆ ಬೇರೆ ಯಾರೂ ಏರಿಸದಿದ್ದರೆ ಮೊದಲು 300 ಮಾಡಿದವರು ಕಾಲ್ ಮಾಡಬಹುದು ಅಥವಾ ಬಿಡಬಹುದು, ಮತ್ತೆ ಏರಿಸುವಂತಿಲ್ಲ. ಗೋಡೆಯ ಮೇಲೆ ಬರೆದು ಅಂಟಿಸಬೇಕಾದ ನಿಯಮವೆಂದರೆ ಇದೇ.

ಇಬ್ಬರಿಗೂ ಒಂದೇ ಸ್ಟ್ರೇಟ್ (ಸಾಲಾಗಿ ಐದು ಎಲೆ). ಒಬ್ಬನ ಕೈಯಾಗ ಇಸ್ಪೀಟಿನ ಎಕ್ಕಾ ಇತ್ತು. ಪಾಟ್ ಅವಂದಲ್ಲೇನು?
– ರಾಣೆಬೆನ್ನೂರು

ಅಲ್ಲ. ಪಾಟ್ ಗೆಲ್ಲುವ ಮಟ್ಟಿಗೆ ಪೋಕರ್‌ನಲ್ಲಿ ನಾಲ್ಕೂ ಬಣ್ಣ ಸಮ. ಪಾಟ್ ಅರ್ಧರ್ಧ. ಪಾಲಾಗದ ಒಂದು ಚಿಪ್ ಉಳಿದರೆ ಡೀಲರ್‌ನ ಎಡಕ್ಕೆ ಹತ್ತಿರ ಕುಳಿತವರಿಗೆ.

ಮೆಣಸಿನಕಾಯಿ ಆವಕ ಜೋರಿದ್ದಾಗ ನಮ್ಮ ಕೂಟದ ವ್ಯಾಪಾರಿಗಳು ಎರಡು ಮೂರು ತಿಂಗಳು ಬರುವುದಿಲ್ಲ. ವರ್ಷದ ಅಂಕಪಟ್ಟಿಯಲ್ಲಿ ಅವರಿಗೆ ಅನ್ಯಾಯವಾಗದಂತೆ ಹೇಗೆ?
– ಬ್ಯಾಡಗಿ

ಹನ್ನೆರಡು ರಾತ್ರಿಗಳಲ್ಲಿ ಪ್ರತಿಯೊಬ್ಬರ ಉತ್ತಮ ಎಂಟನ್ನು ಮಾತ್ರ ಎಣಿಸಿ. ಅರ್ಧ ಸಮಸ್ಯೆ ಅಲ್ಲಿಗೆ ತೀರಿತು. ಉಳಿದರ್ಧ ಅಂಕ ಕೊಡುವ ಬಗೆಯಲ್ಲಿದೆ. ಗೆದ್ದವರಿಗೆ 16, ಕೊನೆಯವರಿಗೆ 1 ಎಂದು ಇಳಿಸುತ್ತ ಹೋಗುವ ಪಟ್ಟಿ ಎಲ್ಲ ಕಡೆ ಕಾಣುತ್ತದೆ, ನಮಗದು ಒಪ್ಪಿಗೆಯಿಲ್ಲ. ಅದರಲ್ಲಿ ಒಮ್ಮೆ ಗೆದ್ದು ಒಮ್ಮೆ ಕೊನೆಗೆ ಬಂದವರಿಗೆ 17, ಎರಡೂ ಸಲ ಎಂಟನೆಯವರಾದವರಿಗೆ 18. ಎಲೆ ಬಿಡುತ್ತ ಕೂತವರಿಗೇ ಲಾಭ.

ಬದಲಿಗೆ, ಬಂದವರ ಸಂಖ್ಯೆಯ ವರ್ಗಮೂಲವನ್ನು ಪಡೆದ ಸ್ಥಾನದ ವರ್ಗಮೂಲದಿಂದ ಭಾಗಿಸಿ 10ರಿಂದ ಗುಣಿಸಿ. ಹದಿನಾರು ಮಂದಿಯ ರಾತ್ರಿ ಮೊದಲ ಸ್ಥಾನಕ್ಕೆ 40, ಎರಡಕ್ಕೆ 28.3, ಮೂರಕ್ಕೆ 23.1, ನಾಲ್ಕಕ್ಕೆ 20, ಎಂಟಕ್ಕೆ 14.1, ಕೊನೆಗೆ 10. ಮೇಲಿನದೇ ಹೋಲಿಕೆಯಲ್ಲಿ ಈಗ 50ಕ್ಕೆ ಎದುರು 28.3. ಒಂಬತ್ತೇ ಮಂದಿ ಬಂದ ರಾತ್ರಿ ಗೆದ್ದರೆ 30, ಸುಗ್ಗಿಯ ಸಣ್ಣ ಕೂಟದಲ್ಲಿ ಗೆದ್ದವರು ಅಂಕಪಟ್ಟಿಯಲ್ಲಿ ಹಾರಿಹೋಗುವುದಿಲ್ಲ.

ಮನಿಯಾಗ ಪೋಕರ್ ಆಡಿದ್ರ ಪೊಲೀಸ್ರು ಹಿಡೀತಾರೇನು?
– ಬೆಟಗೇರಿ, ಗದಗ

ದುಡ್ಡಿಲ್ಲದೆ ಅಂಕಕ್ಕೆ, ಕಪ್ಪಿಗೆ ಆಡಿದರೆ ಹೆದರಬೇಕಿಲ್ಲ. ದುಡ್ಡು ಬಂದರೆ ಮಾತು ಬೇರೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 79 ಮತ್ತು 80ನೇ ಕಲಂಗಳು ಜೂಜಿನ ಅಡ್ಡೆ ನಡೆಸುವವರನ್ನೂ ಅಲ್ಲಿ ಆಡುವವರನ್ನೂ ಹಿಡಿಯುತ್ತವೆ. 176ನೇ ಕಲಂ ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಆದರೆ ಮನೆಯವರೋ ಕ್ಲಬ್ಬಿನವರೋ ಆಟದಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದೂ ಅದೇ ತೀರ್ಪು ಹೇಳಿತು. ಪೋಕರ್ ಬಗ್ಗೆ ನ್ಯಾಯಾಲಯಗಳು ಒಂದೇ ಮಾತು ಆಡಿಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಅದೃಷ್ಟದ ಆಟ ಎಂದಿತು. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಹಾಗಾಗಿ ಲೀಗನ್ನು ಆ್ಯಪ್‌ಗೆ ಒಯ್ಯುವ ಯೋಚನೆ ಬೇಡ. ಊಟದ ವಂತಿಗೆಯ ಲೆಕ್ಕ ಬೇರೆ ಇಡಿ, ಅದರಿಂದ ಬಹುಮಾನ ಕೊಡಬೇಡಿ.

ಗಿರ್ಮಿಟ್, ಮಿರ್ಚಿ ತಿಂದ ಕೈಯಲ್ಲೇ ಆಡುತ್ತಾರೆ. ಎರಡು ತಿಂಗಳಿಗೆ ಎಲೆಗಳು ಹಾಳು. ಜಮಖಾನಿ ಹಾಸಿ ಆಡಿದರೂ ಎಲೆ ಎತ್ತುವುದು ಕಷ್ಟ.
– ಗೋಕುಲ ರಸ್ತೆ, ಹುಬ್ಬಳ್ಳಿ

ಎಣ್ಣೆ ಕಲೆ ಬರೀ ಅಂದದ ಪ್ರಶ್ನೆಯಲ್ಲ. ಮೂಲೆಯಲ್ಲಿ ಕಲೆ ಬಿದ್ದ ಎಕ್ಕಾವನ್ನು ಹಿಂಬದಿಯಿಂದಲೇ ಗುರುತಿಸಬಹುದು, ಅಲ್ಲಿಗೆ ಆಟ ಕೆಟ್ಟಿತು. ‘ಪ್ಲಾಸ್ಟಿಕ್ ಕೋಟೆಡ್’ ಎಂದು ಬರೆದದ್ದು ಒಳಗೆ ಕಾಗದವೇ, ಅದು ಎಣ್ಣೆ ಕುಡಿಯುತ್ತದೆ. ನೂರಕ್ಕೆ ನೂರು ಪ್ಲಾಸ್ಟಿಕ್ ಎಂದಿರುವ ಕಟ್ಟು ತನ್ನಿ. ಅದನ್ನು ಉಗುರುಬೆಚ್ಚನೆ ನೀರಿಗೆ ಎರಡು ಹನಿ ಸೋಪು ಹಾಕಿ, ಹಿಂಡಿದ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬಿಸಿಲಿಗೆ ಇಟ್ಟರೆ ಬಾಗುತ್ತವೆ. ಅಗಲ ಎರಡು ಬಗೆ, 63 ಮಿ.ಮೀ. ಮತ್ತು 57 ಮಿ.ಮೀ.; ಎರಡನ್ನೂ ಬೆರೆಸಬೇಡಿ. ತಿನಿಸನ್ನು ಬಿಡುವಿನ 15 ನಿಮಿಷಕ್ಕೆ ಸೀಮಿತಗೊಳಿಸಿ, ಕೈ ತೊಳೆಯದವರಿಗೆ ಎಲೆ ಹಂಚಬೇಡಿ.

ನವಲಗುಂದದ ಜಮಖಾನಿಯ ಮೇಲೆ ಪಗಡೆಯ ಹಾಸನ್ನೇ ನೇಯ್ದಿರುವುದುಂಟು, ಆದರೆ ಎಲೆ ಆಟಕ್ಕೆ ಅದರ ನೇಯ್ಗೆ ಒರಟು. ಎಲೆಯ ಕೆಳಗೆ ಬೆರಳು ನುಗ್ಗಿಸಿ ಎತ್ತುವಾಗ ಎಲೆ ಬಾಗುತ್ತದೆ, ಪಕ್ಕದವರಿಗೂ ಕಾಣುತ್ತದೆ. ಮೇಲೊಂದು ದಪ್ಪ ಬೆಡ್‌ಶೀಟ್ ಬಿಗಿಯಾಗಿ ಎಳೆದು ಅಂಚುಗಳನ್ನು ಜಮಖಾನಿಯ ಕೆಳಗೆ ಮಡಚಿ. ಫ್ಯಾನ್ ನೇರ ಮೇಲಿದ್ದರೆ ಜಾಗ ಬದಲಿಸಿ. ಹಂಚುವಾಗ ಮೊದಲ ಎರಡು ಎಲೆಗಳಲ್ಲಿ ಒಂದು ತೆರೆದುಕೊಂಡರೆ ಮತ್ತೆ ಕಲೆಸಬೇಕು. ಆಮೇಲಿನ ಒಂದು ತೆರೆದರೆ ಹಂಚಿಕೆ ಮುಗಿಸಿ, ಆ ಎಲೆಗೆ ಬದಲು ಕಟ್ಟಿನ ಮೇಲಿನದನ್ನು ಕೊಟ್ಟು, ತೆರೆದದ್ದನ್ನು ಫ್ಲಾಪ್‌ಗೆ (ನಡುವೆ ತೆರೆಯುವ ಮೊದಲ ಮೂರು ಎಲೆಗೆ) ಮೊದಲು ಪಕ್ಕಕ್ಕಿಡುವ ಎಲೆಯಾಗಿ ಬಳಸಿ. ಎರಡು ತೆರೆದರೆ ಆ ಹಂಚಿಕೆ ರದ್ದು. ಬಿಡುವಿನಲ್ಲೊಮ್ಮೆ ಎರಡೂ ಕಟ್ಟುಗಳನ್ನು ಎಣಿಸಿ. 51 ಬಂದರೆ ಮೊದಲು ಬೆಡ್‌ಶೀಟಿನ ಮಡಿಕೆ ನೋಡಿ.