ಇಲ್ಲದ ಕೈಯ ಮುಷ್ಟಿ

ಪ್ರಶ್ನೆ: ನಮ್ಮವರು ಘಾಟ್‌ಕೋಪರಿನ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಭಟ್ಟರು. ಏಳು ತಿಂಗಳ ಹಿಂದೆ ಬೆಳಗಿನ ಲೋಕಲ್ ರೈಲಿನ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದವರು ಕೈಜಾರಿ ಬಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು. ಗಾಯ ಒಣಗಿದೆ. ಆದರೆ ಇಲ್ಲದ ಆ ಕೈ ಮುಷ್ಟಿ ಕಟ್ಟಿಕೊಂಡೇ ಇದೆ, ಬಿಡಿಸೋಕೆ ಆಗ್ತಿಲ್ಲ, ಉಗುರು ಅಂಗೈಗೆ ಚುಚ್ಚುತ್ತದೆ ಎಂದು ರಾತ್ರಿ ಎದ್ದು ಕೂರುತ್ತಾರೆ. ಗಡ್ಡ ಹೆರೆಯುವಾಗ ಬಲಗೆನ್ನೆ ಮುಟ್ಟಿದರೆ ಹೆಬ್ಬೆರಳು ಮುಟ್ಟಿದ ಹಾಗಾಗುತ್ತದಂತೆ. ಊರಿಂದ ಬಂದಿರುವ ಅತ್ತೆ, ಆ ಕೈಗೆ ಸರಿಯಾಗಿ ಸಂಸ್ಕಾರ ಆಗಿಲ್ಲ ಅನ್ನುತ್ತಾರೆ. ಮಗ ಮೊಬೈಲಿನಲ್ಲಿ ಓದಿ, ಮಿದುಳಿನಲ್ಲಿ ಕೈಯ ಜಾಗವನ್ನು ಮುಖ ತಗೊಂಡುಬಿಟ್ಟಿದೆ ಅನ್ನುತ್ತಾನೆ. ಹಾಗಿದ್ದರೆ ಕೃತಕ ಕೈ ಹಾಕಿಸಿ ಏನು ಪ್ರಯೋಜನ, ಮೇಡಂ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಒಂದು ಮಾತು ತಂಗಿ. ನಿಮ್ಮವರಿಗೆ ತಲೆ ಕೆಟ್ಟಿಲ್ಲ. ಇದನ್ನು ಅವರ ಎದುರಿಗೇ, ಅತ್ತೆಗೂ ಕೇಳಿಸುವ ಹಾಗೆ ಓದಿ.

ನಾನು ಮುಂಬಯಿಯ ಪರೇಲಿನ ಒಂದು ಆಸ್ಪತ್ರೆಯಲ್ಲಿ 31 ವರ್ಷ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿಗಳಿಗೆ ಮತ್ತೆ ಕಲಿಸುವವಳು, ಆಗಿದ್ದೆ. ರೈಲಿಗೆ ಸಿಕ್ಕಿ, ಪ್ರೆಸ್ ಯಂತ್ರಕ್ಕೆ ಸಿಕ್ಕಿ ಕೈ ಕಳಕೊಂಡವರು ಎಷ್ಟು ಮಂದಿ ಬಂದರೋ ಲೆಕ್ಕ ಇಟ್ಟಿಲ್ಲ. ಮೂರನೇ ದಿನವೋ ನಾಲ್ಕನೇ ದಿನವೋ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳುತ್ತಿದ್ದರು: "ಬಾಯಿ (ಮರಾಠಿಯಲ್ಲಿ ಅಮ್ಮ ಅಂದ ಹಾಗೆ), ಕೈ ಇನ್ನೂ ಅಲ್ಲೇ ಇದೆ ಅನಿಸ್ತದೆ. ಮನೆಯವರಿಗೆ ಹೇಳಬೇಡಿ." ಬಹುತೇಕ ಎಲ್ಲರದ್ದೂ ಇದೇ ಮಾತು. ನಿಮ್ಮವರು ನಿಮಗೆ ಹೇಳಿದ್ದಾರಲ್ಲ, ಅದೇ ದೊಡ್ಡದು.

ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಅವರಿಗೆ ಮನಸ್ಸಿಗೆ ಸಮಾಧಾನ ಆಗುವಂಥ ಪೂಜೆ ಏನಿದ್ದರೂ ಮಾಡಿಸಿ, ನಷ್ಟ ಇಲ್ಲ. 1797ರಲ್ಲಿ ಬಲಗೈ ಕಳಕೊಂಡ ಇಂಗ್ಲಿಷ್ ನೌಕಾಧಿಕಾರಿ ನೆಲ್ಸನ್ ಕೂಡ ಇಲ್ಲದ ಕೈಯ ಇರವನ್ನು ಕಂಡು, ಆತ್ಮ ಇದೆ ಅನ್ನೋದಕ್ಕೆ ಇದೇ ಸಾಕ್ಷಿ ಎಂದನಂತೆ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ವೈದ್ಯ ವೀರ್ ಮಿಚೆಲ್ 1871ರಲ್ಲಿ ಇದಕ್ಕೆ 'ಫ್ಯಾಂಟಮ್ ಲಿಂಬ್' ಎಂದು ಹೆಸರಿಟ್ಟ. ಫ್ಯಾಂಟಮ್ ಅಂದರೆ ಭೂತ. ವೈದ್ಯರೇ ಭೂತದ ಕೈ ಅಂತ ಕರೆದ ಮೇಲೆ ಅತ್ತೆಯನ್ನು ಅನ್ನುವುದೇನು!

ಈಗ ಮಗನ ಮಾತಿಗೆ ಬರೋಣ. ಅವನು ಓದಿದ್ದು ಪೂರಾ ಸುಳ್ಳಲ್ಲ, ಸ್ವಲ್ಪ ಹಳೆಯದು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್ ಇದ್ದ. ಆಪರೇಷನ್ ಮೇಜಿನ ಮೇಲೆ ರೋಗಿ ಎಚ್ಚರ ಇರುವಾಗಲೇ ಮಿದುಳಿಗೆ ಸಣ್ಣದಾಗಿ ವಿದ್ಯುತ್ ತಾಗಿಸಿ, ಮೈಯಲ್ಲಿ ಎಲ್ಲಿ ಏನನಿಸಿತು ಎಂದು ಕೇಳಿ ಕೇಳಿ ನಕ್ಷೆ ಮಾಡಿದ. 1937ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಇಡೀ ಬೆನ್ನಿಗೆ ಚೂರು ಜಾಗ. ಕೈಗೆ, ತುಟಿಗೆ ಅಗಲವಾದ ಜಾಗ. ಕೈಯ ಪಕ್ಕದ ಮನೆಯೇ ಮುಖ.

1991ರಲ್ಲಿ ಅಮೆರಿಕದಲ್ಲಿ ಕೆಲವು ಕೋತಿಗಳ ಮಿದುಳು ಪರೀಕ್ಷಿಸಿದರು. ಅವುಗಳ ಕೈಯಿಂದ ಮಿದುಳಿಗೆ ಹೋಗುವ ನರಗಳನ್ನು ಎಷ್ಟೋ ವರ್ಷ ಮೊದಲೇ ಕತ್ತರಿಸಿದ್ದರು. ಮುಖ ಮುಟ್ಟಿದರೆ ಕೈಯ ಜಾಗ ಉತ್ತರ ಕೊಟ್ಟಿತು, ಅದೂ 1 ಸೆಂಟಿಮೀಟರಿಗಿಂತ ಜಾಸ್ತಿ ಅಗಲಕ್ಕೆ. ಮರುವರ್ಷವೇ ನಮ್ಮ ಮದ್ರಾಸಿನಲ್ಲಿ ಓದಿ ಕ್ಯಾಲಿಫೋರ್ನಿಯಾಕ್ಕೆ ಹೋದ ವಿ. ಎಸ್. ರಾಮಚಂದ್ರನ್ ಕೈ ಕಳಕೊಂಡವರ ಕೆನ್ನೆಯನ್ನು ಹತ್ತಿಯ ಕಡ್ಡಿಯಿಂದ ಮುಟ್ಟಿ, ಇಲ್ಲದ ಬೆರಳುಗಳು ಕೆನ್ನೆಯ ಮೇಲೆ ಸಿಗುತ್ತವೆ ಎಂದು ಬರೆದರು. ನಿಮ್ಮವರಿಗೆ ಗಡ್ಡ ಹೆರೆಯುವಾಗ ಆಗುತ್ತಿರುವುದು ಇದೇ.

ಇದನ್ನೆಲ್ಲ ಓದಿ ನಾನೂ ವರ್ಷಗಟ್ಟಲೆ ರೋಗಿಗಳಿಗೆ ಒಂದು ಕಥೆ ಹೇಳುತ್ತಿದ್ದೆ. "ನೋಡಿ, ಚಾಳಿನಲ್ಲಿ (ಸಾಲು ಕೋಣೆಗಳ ವಠಾರದಲ್ಲಿ) ಒಂದು ಖೋಲಿ, ಅಂದರೆ ಕೋಣೆ, ಖಾಲಿ ಬಿತ್ತು. ಪಕ್ಕದವರು ಗೋಡೆ ಒಡೆದು ಒಳಗೆ ಬಂದರು. ಅಷ್ಟೇ." ಮುಂಬಯಿಯವರಿಗೆ ಥಟ್ಟನೆ ಅರ್ಥ ಆಗುತ್ತಿತ್ತು. ನಮ್ಮ ಮುಂಬಯಿಯ ಲಾಲ್‌ಬಾಗಿನ ಒಬ್ಬ ಟೈಲರ್ ಮಾತ್ರ ಒಪ್ಪಲಿಲ್ಲ. "ಇಲ್ಲ ಬಾಯಿ, ಖೋಲಿ ಖಾಲಿ ಇಲ್ಲ. ನಾನು ಈಗಲೂ ಆ ಬೆರಳಿನಲ್ಲಿ ಸೂಜಿಗೆ ದಾರ ಪೋಣಿಸಬಲ್ಲೆ" ಎಂದು ಗಾಳಿಯಲ್ಲಿ ಮೋಟುಗೈ ಎತ್ತಿದ. ಅವನ ಮೋಟಿನ ಸ್ನಾಯುಗಳು ಚರ್ಮದ ಕೆಳಗೆ ಇರುವೆ ಹರಿದಂತೆ ಅಲುಗುತ್ತಿದ್ದವು. ಹೆಬ್ಬೆರಳು ಅಂದರೆ ಒಂದು ಕಡೆ, ಕಿರುಬೆರಳು ಅಂದರೆ ಇನ್ನೊಂದು ಕಡೆ. ನಾನು ನೋಡಿದೆ, ನಕ್ಕೆ, ನನ್ನ ಕಥೆಯನ್ನೇ ಮುಂದುವರಿಸಿದೆ.

ಟೈಲರ್ ಹೇಳಿದ್ದೇ ಸರಿ ಇತ್ತು. 2025ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಸಂಶೋಧಕರು ಒಂದು ಅಪರೂಪದ ಕೆಲಸ ಪ್ರಕಟಿಸಿದರು. ಟಮಾರ್ ಮೇಕಿನ್ ಅದರಲ್ಲಿ ಪ್ರಮುಖರು. ಕಾಯಿಲೆಯಿಂದಾಗಿ ಕೈ ತೆಗೆಯಲೇಬೇಕೆಂದು ಮೊದಲೇ ನಿರ್ಧಾರ ಆಗಿದ್ದ ಮೂವರನ್ನು ಆಪರೇಷನ್ನಿಗೆ ಮೊದಲೇ ಸ್ಕ್ಯಾನ್ ಮಾಡಿದರು. ಆಮೇಲೂ ಮಾಡಿದರು, 5 ವರ್ಷದ ತನಕ. ಮೊದಲು ಇದ್ದ ಬೆರಳುಗಳನ್ನು ಅಲುಗಿಸಿದಾಗಿನ ಚಿತ್ರ, ಆಮೇಲೆ ಇಲ್ಲದ ಬೆರಳುಗಳನ್ನು ಅಲುಗಿಸಿದಾಗಿನ ಚಿತ್ರ, ಎರಡೂ ಹೆಚ್ಚುಕಮ್ಮಿ ಒಂದೇ. ತುಟಿ ತನ್ನ ಜಾಗ ಬಿಟ್ಟು ಕೈಯ ಕಡೆ ಬಂದಿರಲಿಲ್ಲ. ಹಿಂದಿನ ಅಧ್ಯಯನಗಳಲ್ಲಿ ಒಬ್ಬರ ಮಿದುಳನ್ನು ಇನ್ನೊಬ್ಬರದ್ದರ ಜೊತೆ ಹೋಲಿಸುತ್ತಿದ್ದರು. ಇಲ್ಲಿ ಅದೇ ಮನುಷ್ಯನ ಮಿದುಳನ್ನು ಅದಕ್ಕೇ ಹೋಲಿಸಿದರು. ಅದಕ್ಕೇ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಮೂವರೇ ಅಲ್ವಾ ಎಂದು ಮಗ ಕೇಳಬಹುದು. ಹೌದು, ಮೂವರೇ. ಕೈಯ ಜಾಗವನ್ನು ಮುಖ ತಗೊಂಡಿತು ಅನ್ನುವ ಹಳೆಯ ಪಕ್ಷದವರು ಇನ್ನೂ ಪೂರ್ತಿ ಸೋತಿಲ್ಲ.

ಹಾಗಾದರೆ ಕೆನ್ನೆಯಲ್ಲಿ ಹೆಬ್ಬೆರಳು ಹೇಗೆ? ಗೋಡೆಯಾಚೆಯ ಟಿವಿ ನಮ್ಮ ಮನೆಯಲ್ಲಿ ಕೇಳಿಸುವುದಿಲ್ಲವೇ, ಹಾಗೆ. ಕೈಯಿಂದ ಸುದ್ದಿ ಬರುವುದು ನಿಂತಾಗ ಮೊದಲಿದ್ದ ಸಣ್ಣ ಸದ್ದುಗಳೂ ದೊಡ್ಡದಾಗಿ ಕೇಳಿಸಬಹುದು. ಕೆಲವರಿಗೆ ಕೆನ್ನೆಯಲ್ಲ, ಎದೆ ಮುಟ್ಟಿದರೂ ಹೀಗಾಗುತ್ತದೆ. ಸದ್ದು ಕೇಳಿಸಿತು ಅಂದರೆ ಪಕ್ಕದವರು ಒಳಗೆ ಬಂದರು ಎಂದಲ್ಲ. ಖೋಲಿ ಇನ್ನೂ ನಿಮ್ಮವರ ಹೆಸರಿನಲ್ಲೇ ಇದೆ. ಇಪ್ಪತ್ತು ವರ್ಷ ಕಾವಲಿಯ ಮೇಲೆ ಸೌಟು ತಿರುಗಿಸಿದ ಕೈ ಅದು, ಸುಮ್ನೆ ಹೋಗುತ್ತದೆಯೇ?

ಕೃತಕ ಕೈಯ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ವಿದ್ಯುತ್ತಿನಿಂದ ನಡೆಯುವ ಕೈ ಮೋಟಿನ ಸ್ನಾಯುಗಳ ಮಿಡಿತವನ್ನು ಹಿಡಿದು ಬೆರಳು ಮಡಚುತ್ತದೆ. ಇಲ್ಲದ ಕೈಯನ್ನು ಅಲುಗಿಸುವ ಅಭ್ಯಾಸ ಇದ್ದವರಿಗೆ ಅದನ್ನು ಕಲಿಸುವುದು ಸುಲಭ. ಬೆಲೆ ಕೇಳಿ ಹೆದರಬೇಡಿ. ಹಾಜಿ ಅಲಿಯ ಹತ್ತಿರ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇದೆ, ಕೃತಕ ಕೈಕಾಲು ಅಲ್ಲೇ ಮಾಡುತ್ತಾರೆ. ಮೊದಲು ಅಲ್ಲಿ ತೋರಿಸಿ. ಸಾದಾ ಕೊಕ್ಕೆಯ ಕೈಯನ್ನೂ ಕೀಳಾಗಿ ನೋಡಬೇಡಿ. ಅಡುಗೆಮನೆಯ ಬಿಸಿಗೆ, ಎಣ್ಣೆಗೆ ಅದೇ ಗಟ್ಟಿ.

ಇನ್ನು ಆ ಮುಷ್ಟಿ. ಕೊನೇ ಗಳಿಗೆಯಲ್ಲಿ ಕೈ ಕಂಬ ಹಿಡಿದಿತ್ತು ಎಂದಿರಿ. ಕೈ ಕೊನೆಗೆ ಹೇಗಿತ್ತೋ ಹಾಗೇ ನಿಂತುಬಿಟ್ಟಿದೆ ಎಂದು ಹೇಳಿದವರನ್ನು ನಾನು ಕಂಡಿದ್ದೇನೆ. ಮಿದುಳು 'ಬಿಡು' ಅನ್ನುತ್ತದೆ, 'ಬಿಟ್ಟೆ' ಎಂದು ಹೇಳಲು ಅಲ್ಲಿ ಕೈ ಇಲ್ಲ. ಆ ಉತ್ತರವನ್ನು ಕಣ್ಣಿನಿಂದ ಕೊಡಿಸಬಹುದೇ ಎಂದು ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯ ಪೆಟ್ಟಿಗೆ ಮಾಡಿದರು. ಅದರಲ್ಲಿ ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುತ್ತದೆ. ಅವರ ನಕ್ಷೆಯ ಮಾತಿಗೆ ಏನಾದರೂ ಆಗಲಿ, ಕನ್ನಡಿ ಮಾತ್ರ ಎಷ್ಟೋ ಜನರಿಗೆ ಉಪಕಾರ ಮಾಡಿದೆ. 2007ರಲ್ಲಿ ಕಾಲು ಕಳಕೊಂಡ ಅಮೆರಿಕನ್ ಸೈನಿಕರ ಮೇಲೆ ಪರೀಕ್ಷೆ ಮಾಡಿದರು. ದಿನಕ್ಕೆ 15 ನಿಮಿಷದಂತೆ 4 ವಾರ ಕನ್ನಡಿ ನೋಡಿದವರಿಗೆ ನೋವು ಇಳಿಯಿತು, ಬಟ್ಟೆ ಮುಚ್ಚಿದ ಕನ್ನಡಿ ನೋಡಿದವರಿಗೆ ಆ ಲಾಭ ಆಗಲಿಲ್ಲ. ಎಲ್ಲರಿಗೂ ಇದು ಹಿಡಿಸುವುದಿಲ್ಲ. ತಲೆ ಸುತ್ತಿದರೆ, ಅಳು ಬಂದರೆ, ನೋವು ಹೆಚ್ಚಿದರೆ ನಿಲ್ಲಿಸಿ.

ನಾನು ಮಾಡುತ್ತಿದ್ದುದು ಹೀಗೆ. ದಾದರ್ ಸ್ಟೇಷನ್ನಿನ ಹೊರಗೆ ಕೊಂಡ ಒಂದೂವರೆ ಅಡಿಯ ಕನ್ನಡಿ, ಅದನ್ನು ನಿಲ್ಲಿಸಲು ಹಾಪೂಸ್ ಮಾವಿನ ಖಾಲಿ ಪೆಟ್ಟಿಗೆ. ಕನ್ನಡಿ ಎದೆಯ ನೇರಕ್ಕೆ, ಕನ್ನಡಿಯ ಮುಖ ಎಡಗೈ ಕಡೆ. ಮೋಟುಗೈ ಕನ್ನಡಿಯ ಹಿಂದೆ ಪೆಟ್ಟಿಗೆಯೊಳಗೆ. ಎಡಗೈಯ ವಾಚು, ಉಂಗುರ, ದಾರ ಬಿಚ್ಚಿಸಿ. ಬಲಗೈಯಲ್ಲಿ ಎಂದೂ ಇಲ್ಲದ ಉಂಗುರ ಕನ್ನಡಿಯಲ್ಲಿ ಕಂಡರೆ ಮಿದುಳು ನಂಬುವುದಿಲ್ಲ. ಕನ್ನಡಿಯೊಳಗಿನ ಕೈಯನ್ನೇ ನೋಡುತ್ತ ಎಡಗೈಯನ್ನು ಮೆಲ್ಲಗೆ ಮುಷ್ಟಿ ಕಟ್ಟಲಿ, ಇಲ್ಲದ ಕೈಯಲ್ಲೂ ಅದನ್ನೇ ಮಾಡಲಿ. ಆಮೇಲೆ ಎರಡನ್ನೂ ಒಟ್ಟಿಗೆ ಬಿಡಿಸಲಿ, ಒಂದೊಂದೇ ಬೆರಳು. ನಾಲ್ಕೈದು ದಿನ ಆದ ಮೇಲೆ ಎಡಗೈಗೆ ಖಾಲಿ ಸೌಟು ಕೊಡಿ, ದೋಸೆ ಹೊಯ್ಯಲಿ.

ಮೋಟಿನ ಯಾವುದಾದರೂ ಒಂದು ಜಾಗ ತಟ್ಟಿದರೆ ಶಾಕ್ ಹೊಡೆದ ಹಾಗಾಗುತ್ತದೆಯೇ ನೋಡಿ. ಹಾಗೆ ಆಗುತ್ತಿದ್ದರೆ ಅದು ಬೇರೆ ವಿಷಯ. ಕತ್ತರಿಸಿದ ನರದ ತುದಿ ಗಂಟುಗಟ್ಟಿರಬಹುದು. ಅದಕ್ಕೆ ಕನ್ನಡಿ ಸಾಲದು, ಸರ್ಜನ್ ನೋಡಬೇಕು. ನರದ ನೋವಿಗೆ ಬೇರೆಯೇ ಮಾತ್ರೆಗಳಿವೆ, ಅವನ್ನು ಡಾಕ್ಟರ್ ಬರೆದುಕೊಡಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗಬೇಡಿ.

ಪ್ರಶ್ನೆ: ಮಗಳಿಗೆ 6 ವರ್ಷ. ಹುಟ್ಟುವಾಗಲೇ ಎಡಗೈ ಮೊಣಕೈವರೆಗೆ ಮಾತ್ರ ಇದೆ. ಪೆನ್ನಿನ ಮುಚ್ಚಳ ಹಲ್ಲಿನಿಂದ ತೆಗೆಯುತ್ತಾಳೆ, ಬಿಸ್ಕತ್ತಿನ ಪೊಟ್ಟಣ ಕಾಲ್ಬೆರಳಲ್ಲಿ ಹಿಡಿಯುತ್ತಾಳೆ. ಅಜ್ಜಿ ಬೈಯುತ್ತಾರೆ. ಬಿಡಿಸಬೇಕೇ?
– ಕೊಥ್ರೂಡ್, ಪುಣೆ

ಉತ್ತರ: ಯಾಕೆ ಬಿಡಿಸಬೇಕು? ಇವಳ ಲೆಕ್ಕ ಮೇಲಿನವರ ಲೆಕ್ಕ ಅಲ್ಲ. ಹುಟ್ಟಿನಿಂದಲೇ ಒಂದು ಕೈ ಇಲ್ಲದವರಲ್ಲಿ, ಆ ಕೈಗೆಂದು ಇದ್ದ ಮಿದುಳಿನ ಜಾಗ ಮೋಟುಗೈ, ಪಾದ, ತುಟಿಗಳು ಕೆಲಸ ಮಾಡುವಾಗ ಚುರುಕಾಗುವುದು ಸ್ಕ್ಯಾನಿನಲ್ಲಿ ಕಂಡಿದೆ. ಕೈಯ ಕೆಲಸವನ್ನು ಯಾರು ಮಾಡುತ್ತಾರೋ ಅವರು ಆ ಜಾಗ ಬಳಸುತ್ತಾರೆ. ಅಜ್ಜಿಗೆ ಕಾಲು ತೊಳೆದುಕೊಂಡು ತಿನ್ನುತ್ತಾಳೆ ಎಂದು ಹೇಳಿ. ಹಲ್ಲು ಮಾತ್ರ ಜೋಪಾನ, ಮುಚ್ಚಳ ಇಲ್ಲದ ಪೆನ್ ಕೊಡಿಸಿ.

ಪ್ರಶ್ನೆ: ಅಪ್ಪನ ಎಡಗೈ ಹೋಗಿ 30 ವರ್ಷ ಆಯಿತು. ಮಳೆಗಾಲದಲ್ಲಿ ಇಲ್ಲದ ಕಿರುಬೆರಳು ತುರಿಸುತ್ತದೆ, ಎಲ್ಲಿ ಕೆರೆಯಲಿ ಅನ್ನುತ್ತಾರೆ. ಮಿದುಳಿನ ಸ್ಕ್ಯಾನ್ ಮಾಡಿಸಲೇ?
– ವಾಸ್ಕೋ, ಗೋವಾ

ಉತ್ತರ: ಬೇಡ. ನೀವು ದುಡ್ಡು ಕೊಟ್ಟು ಮಾಡಿಸುವ ಸಾದಾ ಎಂಆರ್‌ಐನಲ್ಲಿ ಬೆರಳಿನ ನಕ್ಷೆ ಕಾಣುವುದಿಲ್ಲ. ಮೋಟಿನ ಮೇಲೆ, ಭುಜದ ಮೇಲೆ ನಿಧಾನವಾಗಿ ಒತ್ತಿ ನೋಡಿ, ಕಿರುಬೆರಳಿನ ಜಾಗ ಸಿಕ್ಕರೂ ಸಿಗಬಹುದು. ನನ್ನ ಒಬ್ಬ ರೋಗಿಗೆ ನಾಲ್ಕಾಣೆ ಅಗಲದ ಅಂಥ ಜಾಗ ತೋಳಿನ ಒಳಬದಿಯಲ್ಲಿ ಸಿಕ್ಕಿತ್ತು. ಸಿಗದಿದ್ದರೆ ಕನ್ನಡಿ ಇಟ್ಟು ಬಲಗೈಯ ಕಿರುಬೆರಳನ್ನು ಕೆರೆಯಿರಿ. ಅಪ್ಪನಿಗಂತೂ ಇನ್ನೊಂದು ಕೈ ಇಲ್ಲ, ಕೆರೆಯುವ ಕೆಲಸ ನಿಮ್ಮದು.